ಮತದಾನದ ಮರುದಿನದ ಫೋನು

ಕುವೈತಿನ ಯುದ್ಧ ನಿಂತಿತೆಂದು ರೇಡಿಯೊ ಹೇಳಿದ ದಿನ ದೋಹಾ ಹೊರವಲಯದ ಮುಐದರಿನ ನಮ್ಮ ಬಾಡಿಗೆ ಮನೆಯಲ್ಲಿ ಹಬ್ಬವೋ ಹಬ್ಬ. ಕಿಟಕಿ ಗಾಜಿಗೆ ಅಂಟಿಸಿದ್ದ ಟೇಪನ್ನೆಲ್ಲ ಕಿತ್ತು ಬಿಸಾಡಿದೆವು. ನನ್ನ ರೂಮಿನಲ್ಲಿದ್ದ ಬಾಂಗ್ಲಾದೇಶದ ಡ್ರಾಫ್ಟ್ಸ್‌ಮನ್ ಮಾತ್ರ ಮಂಚದ ಮೇಲೆ ಕೂತು ರೇಡಿಯೊದ ಕಿವಿ ಹಿಂಡುತ್ತಿದ್ದ. ಅವನಿಗೆ ಬೇಕಾದ ಸುದ್ದಿಯೇ ಬೇರೆ. ಹಿಂದಿನ ದಿನ ಅವನ ದೇಶದಲ್ಲಿ ಸಂಸತ್ತಿನ ಚುನಾವಣೆ. ವರ್ಷಗಟ್ಟಲೆ ಆಳಿದ ಜನರಲ್‌ನನ್ನು ಜನ ಬೀದಿಗಿಳಿದು ಕುರ್ಚಿ ಬಿಡಿಸಿ ಮೂರು ತಿಂಗಳೂ ಆಗಿರಲಿಲ್ಲ.

ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ ಅವನಿಗೆ ಹೆಂಡತಿಯದೇ ಚಿಂತೆ. ಜನರಲ್‌ನ ಕಾಲದಲ್ಲಿ ಅವಳು ಓಟು ಹಾಕಲು ಹೋದಾಗ, ನಿನ್ನ ಓಟು ಆಗಲೇ ಬಿದ್ದಾಗಿದೆ ಎಂದು ಗದರಿಸಿ ಅಟ್ಟಿದ್ದರಂತೆ. ಎದುರು ಮಾತಾಡಿದ ಪಕ್ಕದ ಮನೆಯವಳ ತಲೆ ಒಡೆದಿದ್ದರು. ಒಡೆದವರು ಈಗಲೂ ಅದೇ ಊರಲ್ಲಿದ್ದರು. ಈ ಸಲ ಹೋಗಬೇಡ ಎಂದು ಇವನು ಬರೆದ. ಹೋಗಿಯೇ ಹೋಗುತ್ತೇನೆ ಎಂದು ಅವಳು ಬರೆದಳು. ಸೋತ ಇವನು ಕೊನೆಗೆ, ಓಟಿನ ಮರುದಿನ ಇಳಿಹೊತ್ತಿನ ಅಸರ್ ನಮಾಜು ಆದ ಮೇಲೆ ಪೇಟೆಯ ಔಷಧಿ ಅಂಗಡಿಗೆ ಬಾ, ಫೋನು ಮಾಡುತ್ತೇನೆ ಎಂದು ಬರೆದ. ಆಮೇಲೆ ಯುದ್ಧ ಶುರುವಾಗಿ ಟಪಾಲು ನಿಂತಿತು.

ಮಧ್ಯಾಹ್ನ ಊಟಕ್ಕೆ ಕೂತಾಗ, ನಮ್ಮ ಜೊತೆಗಿದ್ದ ಮಂಗಳೂರು ಕಡೆಯ ಸಾಹೇಬರು ನನ್ನನ್ನು ಕೇಳಿದರು. ಕಿರಾಣಿ ಅಂಗಡಿ ನಡೆಸುತ್ತಿದ್ದವರು, ಮಾತು ಸ್ವಲ್ಪ ಒರಟು.

“ಇವರ ಫೋನು ಎಷ್ಟೊತ್ತಿಗಂತೆ?”

“ಅಸರ್ ಆದ್ಮೇಲೆ ಸಾಹೇಬ್ರೆ. ಇನ್ನೂ ಟೈಮಿದೆ, ಊಟ ಮಾಡಿ.”

“ಯಾವ ಊರಿನ ಅಸರ್ ಮಾರಾಯ್ರೆ? ನಿಮಗೆ ಮಂಡೆ ಉಂಟಾ? ಅಲ್ಲಿ ಈಗ ಆಗುವ ಹೊತ್ತಾಯ್ತು!”

ಗಲ್ಫಿನಲ್ಲಿ ಬೇರು ಬಿಟ್ಟವರು ಮಾತ್ರ ಮಾಡುವ ತಪ್ಪು ಇದು. ಇಲ್ಲಿಯ ಬಾಂಗಿಗೆ ಕಿವಿ ಒಗ್ಗಿಹೋಗಿ, ಊರಿನಲ್ಲಿ ಹೊತ್ತು ಮೊದಲೇ ಇಳಿಯುತ್ತದೆ ಎಂಬುದು ನಮ್ಮಿಬ್ಬರಿಗೂ ಮರೆತೇ ಹೋಗಿತ್ತು. ಇಲ್ಲಿಯ ಅಸರ್‌ಗೆ ಕಾದಿದ್ದರೆ ಅಲ್ಲಿ ಸೂರ್ಯ ಮುಳುಗಿರುತ್ತಿದ್ದ. ಕತ್ತಲಲ್ಲಿ ಅವಳು ಪೇಟೆಯಲ್ಲಿ ನಿಲ್ಲುವಂತಿರಲಿಲ್ಲ.

ಎಂಜಲು ಕೈ ಅರ್ಧಂಬರ್ಧ ತೊಳೆದು ಸಾಹೇಬರ ಪಿಕಪ್ ಹತ್ತಿದೆವು. ದೋಹಾದ ಟೆಲಿಫೋನ್ ಆಫೀಸಿನ ಮುಂದೆ ಹನುಮಂತನ ಬಾಲದಷ್ಟು ಕ್ಯೂ. ಯುದ್ಧ ಮುಗಿಯಿತಲ್ಲ, ಎಲ್ಲರಿಗೂ ತಾವು ಬದುಕಿದ್ದೇವೆಂದು ಊರಿಗೆ ಹೇಳಬೇಕು. ಒಬ್ಬ ಮಹಾನುಭಾವನಂತೂ ಬೂತಿನೊಳಗೆ ನಿಂತು ಮನೆಯ ಹಸುವಿನ ಕ್ಷೇಮವನ್ನೂ ವಿಚಾರಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಸಾಹೇಬರು ಮಲಯಾಳದಲ್ಲಿ, ಹಿಂದಿಯಲ್ಲಿ ಎಲ್ಲರ ಹತ್ತಿರ ಬೇಡಿಕೊಂಡರು. “ನಮಗೂ ಹೆಂಡ್ತಿ ಇದ್ದಾಳೆ” ಎಂದು ಒಬ್ಬ ಮುಖ ತಿರುಗಿಸಿದ. ಇವನು ವಾಚು ನೋಡುತ್ತ ಬಿಸಿಲಲ್ಲಿ ನಿಂತಿದ್ದ.

ನಮ್ಮ ಸರದಿ ಬಂದಾಗ ಹೊತ್ತು ಬಹಳ ಮೀರಿತ್ತು. ಲೈನು ಸಿಗಲಿಲ್ಲ. ಮತ್ತೆ ತಿರುಗಿಸಿದ, ಸಿಗಲಿಲ್ಲ. ಹಿಂದಿನವರು ಗಾಜು ಬಡಿಯತೊಡಗಿದರು. ಸಾಹೇಬರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಕೊನೆಗೊಮ್ಮೆ ಅವನು ‘ಹಲೋ’ ಎಂದ, ಬಂಗಾಳಿಯಲ್ಲಿ ಏನೋ ಕೇಳಿದ. ರಿಸೀವರ್ ಕಿವಿಗೆ ಹಿಡಿದೇ ಕುಸಿದು ಬೂತಿನ ನೆಲದ ಮೇಲೆ ಕೂತುಬಿಟ್ಟ. ಕಾದು ಕಾದು ಅವಳು ಮನೆಗೆ ಹೋಗಿಬಿಟ್ಟಳು ಎಂದೇ ತಿಳಿದೆ.

ಹೊರಗೆ ಬಂದವನ ಕಣ್ಣು ಒದ್ದೆಯಾಗಿತ್ತು.

“ಅಂಗಡಿಯವನು ಬಾಗಿಲು ಹಾಕಲು ಹೊರಟಿದ್ದನಂತೆ, ಇವಳು ಬಿಡಲಿಲ್ಲವಂತೆ. ಓಟು ಹಾಕಿದಳು ಭಾಯಿ. ಯಾರೂ ತಡೆಯಲಿಲ್ಲ.”

“ಯಾರಿಗೆ ಹಾಕಿದ್ರಂತೆ?” ಸಾಹೇಬರು ಕೇಳಿದರು.

“ನಾನೂ ಕೇಳಿದೆ. ಗಂಡನಿಗೂ ಹೇಳುವುದಿಲ್ಲವಂತೆ. ಬಿಲ್ಲು ಏರುತ್ತದೆ, ಫೋನಿಡು ಅಂದಳು.”