ಕಾಲು ಝಾಡಿಸುವ ವಿದ್ಯೆ

ಮನೆಯೊಳಗೆ ಹೆಜ್ಜೆ ಇಡುವ ಮೊದಲು ಹೊಸ್ತಿಲಾಚೆ ನಿಂತು ಬಲಗಾಲನ್ನೊಮ್ಮೆ ಜೋರಾಗಿ ಝಾಡಿಸುವ ಚಟ ನನಗಿದೆ. ಕಾಲಿಗೆ ಏನೂ ಹತ್ತಿರುವುದಿಲ್ಲ. ಧಾರವಾಡದ ನಮ್ಮ ಮನೆಯ ಮುಂದೆ ಡಾಂಬರು ರಸ್ತೆ, ಗೇಟಿನಿಂದ ಬಾಗಿಲವರೆಗೂ ಫರಸಿ ಕಲ್ಲು. ಆದರೂ ಕಾಲು ನನ್ನನ್ನು ಕೇಳದೆ ತನ್ನ ಕೆಲಸ ಮಾಡಿ ಮುಗಿಸಿಬಿಡುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದನ್ನು ನಮ್ಮ ಮನೆತನದ ಪದ್ಧತಿ ಎಂದು ತಿಳಿದು, ಹಿರಿಯರ ಮನಸ್ಸು ನೋಯಬಾರದೆಂದು ತಾನೂ ಕೆಲವು ದಿನ ಝಾಡಿಸಿದಳು. ನಿಜ ಸಂಗತಿ ಗೊತ್ತಾದ ಮೇಲೆ, “ನಿಮ್ಮ ಟೇಕ್ವಾಂಡೋ ಇನ್ನೂ ಬಾಗಲಾ ದಾಟಿಲ್ಲ ನೋಡ್ರಿ” ಎನ್ನತೊಡಗಿದಳು.

ಈಗ ನಾನು ಕೊರಿಯಾದ ಆ ವಿದ್ಯೆಯಲ್ಲಿ ಸೀನಿಯರ್ ಇನ್‌ಸ್ಟ್ರಕ್ಟರ್. ಈ ಪದವಿ ಬರಬೇಕಾದರೆ ಬಹಳ ವರ್ಷ ಒದ್ದಿರಬೇಕು, ಅದಕ್ಕಿಂತ ಹೆಚ್ಚು ಒದೆಸಿಕೊಂಡಿರಬೇಕು. ಹುಡುಗರು ಬಂದು “ಸರ್, ನೀವು ಎಲ್ಲಿ ಟ್ರೇನಿಂಗ್ ತಗೊಂಡ್ರಿ?” ಎಂದು ಕೇಳುತ್ತಾರೆ. ನಾನು ಕೊರಿಯಾದ ಯಾವುದೋ ಬೆಟ್ಟದ ಹೆಸರು ಹೇಳುತ್ತೇನೆಂದು ಅವರ ಕಣ್ಣುಗಳು ಅರಳಿರುತ್ತವೆ. “ನವಲಗುಂದದಾಗ” ಎಂದಾಗ ಆ ಕಣ್ಣುಗಳ ಗತಿ ಏನಾಗುತ್ತದೆಂದು ನೀವೇ ಊಹಿಸಿ. ನನ್ನ ಸಾಧನೆಯ ಮಹಾಯಾತ್ರೆಯೆಲ್ಲ ನಮ್ಮೂರು ಮೊರಬದಿಂದ ನವಲಗುಂದದ ಹೈಸ್ಕೂಲಿಗೆ ಹೋಗುವ ಬಸ್ಸಿನಲ್ಲೇ, ಅದೂ ನಿಂತುಕೊಂಡೇ ನಡೆದದ್ದು.

ಎಂಬತ್ತರ ದಶಕ. ನಮ್ಮ ಕಡೆ ಮೈ ಬೆಳೆಸುವುದೆಂದರೆ ಗರಡಿಮನೆ, ಕುಸ್ತಿ. ಅಂಥಲ್ಲಿಗೆ ಈ ಒದೆಯುವ ವಿದ್ಯೆಯನ್ನು ತಂದವರು ಖಾದರ ಸರ್. ನವಲಗುಂದದಲ್ಲಿ ಜಮಖಾನ ನೇಯುವವರ ಮನೆಯಲ್ಲಿ ಹುಟ್ಟಿದವರು. ಹುಬ್ಬಳ್ಳಿಯಲ್ಲಿ ಐಟಿಐ ಓದುವಾಗ ಸಂಜೆಯ ಹೊತ್ತು ಟೇಕ್ವಾಂಡೋ ಕಲಿತು, ಕೆಂಪು ಬೆಲ್ಟಿನವರೆಗೆ ಬಂದು, ಊರಿಗೆ ಮರಳಿ ಟ್ರಾಕ್ಟರ್ ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ನಮಗೆ ಕಲಿಸಿ, ಆಮೇಲೆ ಟ್ರಾಕ್ಟರಿನ ಕೆಳಗೆ ಮಲಗುತ್ತಿದ್ದರು. ಕಪ್ಪು ಬೆಲ್ಟ್ ಕಟ್ಟಿಕೊಳ್ಳಬೇಕು, ಈ ಸೀಮೆಯಲ್ಲಿ ಒಂದು ಗಟ್ಟಿ ಶಾಲೆ ಕಟ್ಟಬೇಕು, ಇಷ್ಟೇ ಅವರ ಆಸೆ.

ನಾನು ಸೇರುತ್ತೇನೆ ಎಂದಾಗ ಅಪ್ಪ ಎತ್ತಿನ ಮೈ ತಿಕ್ಕುತ್ತ ನಿಂತಿದ್ದ. “ಒದಿಯೂದು ಈ ಎತ್ತಿಗೂ ಬರ್ತೈತಿ. ಇದಕ್ಕ ಯಾವ ಸರ್ ಕಲಿಸ್ಯಾನ?” ಅಂದ. ಎತ್ತಿನ ಹಿಂದೆ ನಿಂತು ವಾದ ಮಾಡುವುದು ಸುರಕ್ಷಿತವಲ್ಲವೆಂದು ನಾನು ಅಲ್ಲಿಂದ ಜಾಗ ಖಾಲಿ ಮಾಡಿದೆ.

ಬಿಳಿ ಸಮವಸ್ತ್ರವನ್ನು ಊರ ಟೇಲರ್ ಕಾಕಾ ಹೊಲಿದುಕೊಟ್ಟರು. ಜನ್ಮವೆಲ್ಲ ನೆಹರು ಶರ್ಟು ಹೊಲಿದ ಕೈ ಅದು. ಎಷ್ಟು ಬೇಡವೆಂದರೂ ಎರಡೂ ಬದಿಗೆ ಬಗಲಗಿಸೆ ಇಟ್ಟೇಬಿಟ್ಟರು. “ಕಿಸೆ ಇಲ್ಲದ ಅಂಗಿ ಹೆಣಕ್ಕ ಹೊಲಿತಾರಪಾ, ಜೀವಂತ ಹುಡುಗರಿಗೆ ಅಲ್ಲ” ಎಂದು ಅವರ ಉತ್ತರ. ಹೀಗಾಗಿ ನಾವು ಕಿಸೆಯಲ್ಲಿ ಹುರಿದ ಶೇಂಗಾ ಇಟ್ಟುಕೊಂಡು ಕೊರಿಯನ್ ಭಾಷೆಯಲ್ಲಿ ಹಾನಾ, ದುಲ್, ಸೆತ್ ಎಂದು ಎಣಿಸುತ್ತ ಒದೆಯುತ್ತಿದ್ದೆವು.

ಇನ್ನೊಂದು ಪೇಚು. ನಮ್ಮಲ್ಲಿ ಕಾಲು ಯಾರಿಗಾದರೂ ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಹುಟ್ಟಿನಿಂದ ಬಂದ ರೂಢಿ. ಜೋಡಿ ಕಟ್ಟಿ ಆಡುವಾಗ ಒದೆ ಎದೆಗೆ ಬಿದ್ದ ಕೂಡಲೇ ಒದ್ದವನು ಬಗ್ಗಿ ಎದುರಾಳಿಯನ್ನು ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಒದೆಸಿಕೊಂಡವನೂ “ಇರ್ಲಿ ಬಿಡೋ” ಎನ್ನುತ್ತಿದ್ದ. ಖಾದರ ಸರ್ ತಲೆ ಮೇಲೆ ಕೈ ಇಟ್ಟುಕೊಂಡು, “ಲೇ, ಎಲ್ಲಾ ಒದ್ದು ಮುಗಸ್ರಿ, ಕಡೀಕ ಒಮ್ಮೆಲೇ ಮಾಫಿ ಕೇಳ್ರಿ” ಎಂದು ಒಂದು ರಾಜಿ ಮಾಡಿಸಿದರು.

ಆದರೆ ನಮ್ಮನ್ನು ನಿಜವಾಗಿ ಕೆಡಿಸಿದ್ದು ನಮ್ಮ ಸೀಮೆಯ ಕಪ್ಪು ಎರೆಮಣ್ಣು. ಹೈಸ್ಕೂಲಿನ ಹೆಡ್‌ಮಾಸ್ತರರು ನಮಗೆ ಬಿಟ್ಟುಕೊಟ್ಟದ್ದು ಶಾಲೆಯ ಹಿಂದಿನ ಬಯಲು. ಎರೆಮಣ್ಣನ್ನು ಕಾಣದವರಿಗೆ ಅದರ ಪ್ರೀತಿ ಎಂಥದೆಂದು ಹೇಳುವುದು ಕಷ್ಟ. ಬೇಸಿಗೆಯಲ್ಲಿ ಬಾಯಿಬಿಟ್ಟು ಮಲಗಿರುತ್ತದೆ, ಆ ಬಿರುಕಿನಲ್ಲಿ ಕಾಲಿನ ಬೆರಳು ಸಿಕ್ಕರೆ ಸಿಕ್ಕಿತು. ನಾಲ್ಕು ಹನಿ ಬಿದ್ದವೆಂದರೆ ಎದ್ದು ತಬ್ಬಿಕೊಳ್ಳುತ್ತದೆ. ಬರಿಗಾಲಲ್ಲಿ ಸ್ವಲ್ಪ ನಡೆದರೆ ಸಾಕು, ಅಂಗಾಲಿಗೆ ಇನ್ನೊಂದು ಅಂಗಾಲು ಬೆಳೆದು ಕುಳ್ಳರೂ ಎತ್ತರವಾಗುತ್ತಾರೆ. ಆ ಮಣ್ಣಿನ ಹೆಂಟೆ ಹೊತ್ತ ಕಾಲು ಒದೆಯುವುದಕ್ಕೆ ಏಳಬೇಕಲ್ಲ? ಅದಕ್ಕೇ ಮೊದಲು ಒಮ್ಮೆ ಝಾಡಿಸುವುದು, ಮಣ್ಣು ಹಾರಿದ ಮೇಲೆ ಮೊಣಕಾಲು ಎತ್ತುವುದು, ಆಮೇಲೆ ಒದೆಯುವುದು. ಖಾದರ ಸರ್ ಹಾಗೆ ಮಾಡುತ್ತಿದ್ದರು, ನಾವೂ ಮಾಡಿದೆವು.

ತಮಾಷೆ ಏನೆಂದರೆ, ನಾವು ಅದನ್ನೂ ಕೊರಿಯಾದಿಂದ ಬಂದದ್ದೆಂದೇ ನಂಬಿದ್ದೆವು. ಬೇಸಿಗೆಯಲ್ಲಿ ಕಾಲಿಗೆ ಧೂಳು ಕೂಡ ಇಲ್ಲದಾಗಲೂ ಶಿಸ್ತಿನಿಂದ ಝಾಡಿಸುತ್ತಿದ್ದೆವು. ನಾನಂತೂ ಹೊಸಬರಿಗೆ ಅದನ್ನು ವಿಶೇಷ ಆಸ್ಥೆಯಿಂದ ಕಲಿಸುತ್ತಿದ್ದೆ. ಝಾಡಿಸುವಾಗ ಹಿಮ್ಮಡಿ ಎಲ್ಲಿರಬೇಕು, ಉಸಿರು ಯಾವಾಗ ಬಿಡಬೇಕು ಎಂದು ನನ್ನದೇ ಒಂದು ಶಾಸ್ತ್ರ ಕಟ್ಟಿದ್ದೆ. ವಿದ್ಯೆ ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಬಂದರೆ ಹೀಗೇ ಆಗುತ್ತದೆಂದು ಕಾಣುತ್ತದೆ. ಕುಂದಗೋಳದ ಬೀಗರ ಹೊಲದ ಮೆಣಸಿನಕಾಯಿ ಬೀಜವನ್ನು ಅಪ್ಪ ಮೊರಬದಲ್ಲಿ ಬಿತ್ತಿದಾಗ ಬಂದ ಕಾಯಿಯನ್ನು ಬೀಗರೇ ಗುರುತು ಹಿಡಿಯಲಿಲ್ಲ. ಖಾರ ಮಾತ್ರ ಇತ್ತು.

ಪರೀಕ್ಷೆ ಹುಬ್ಬಳ್ಳಿಯಲ್ಲಿ. ನಮ್ಮದು ಸಣ್ಣ ಬೆಲ್ಟುಗಳ ಪರೀಕ್ಷೆ, ಖಾದರ ಸರ್‌ದು ಕಪ್ಪು ಬೆಲ್ಟಿನದು. ಸಿಮೆಂಟಿನ ನುಣ್ಣನೆಯ ನೆಲದ ದೊಡ್ಡ ಹಾಲ್. ಬೆಂಗಳೂರಿನಿಂದ ಬಂದ ಪರೀಕ್ಷಕರು ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಸಾಲು ಎದ್ದು ನಿಂತಿತು. ಅಪ್ಪಣೆಯಾಯಿತು. ಎಲ್ಲರೂ ಒಟ್ಟಿಗೆ ಕಾಲು ಝಾಡಿಸಿದೆವು, ಆಮೇಲೆ ಒದ್ದೆವು. ಮತ್ತೆ ಝಾಡಿಸಿದೆವು, ಮತ್ತೆ ಒದ್ದೆವು. ಒಬ್ಬನೂ ತಪ್ಪಲಿಲ್ಲ. ನಮ್ಮ ಒಗ್ಗಟ್ಟಿಗೆ ನಾನು ಒಳಗೊಳಗೇ ಹಿಗ್ಗುತ್ತಿರುವಾಗ ಹಾಲ್‌ನಲ್ಲಿ ನಗೆ ಎದ್ದಿತು.

“ಏನ್ರೀ ಇದು? ಇವರ ಕಾಲಿಗೆ ಇರುವೆ ಹತ್ತಿದ್ಯಾ?” ಎಂದರು ಪರೀಕ್ಷಕರು.

ನಮಗೆ ಎಚ್ಚರಿಕೆ ಕೊಟ್ಟು ಪಾಸು ಮಾಡಿದರು. ಸರ್ ಅವರ ಸರದಿ ಬಂದಾಗ ನಗೆ ಇರಲಿಲ್ಲ. ಎದುರಾಳಿ ಹುಬ್ಬಳ್ಳಿಯ ಚುರುಕು ತರುಣ. ಸರ್ ಕಾಲು ಝಾಡಿಸಿದರೆ ಸಾಕು, ಯಾವ ಕಾಲು ಬರುತ್ತದೆಂದು ಅವನಿಗೆ ತಿಳಿಯುತ್ತಿತ್ತು. ಸರಿದು ನಿಂತು ತಿರುಗಿ ಒದೆಯುತ್ತಿದ್ದ. ನನ್ನ ಗುರು ಹೀಗೆ ಮತ್ತೆ ಮತ್ತೆ ಏಟು ತಿನ್ನುವುದನ್ನು ನೋಡಿ ನನಗೆ ಅಳು ಬಂತು. ಕೊನೆಗೆ ಪರೀಕ್ಷಕರು ಮೆಲ್ಲಗೆ, “ಶಕ್ತಿ ಇದೆ ನಿಮಗೆ. ಆದ್ರೆ ಒದೆಯೋಕ್ಕೆ ಮುಂಚೆ ಟಪಾಲು ಹಾಕ್ತೀರಲ್ಲ” ಎಂದರು. ಸರ್ ನಪಾಸಾದರು.

ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಹೆಡ್‌ಮಾಸ್ತರರು ಕೆಟ್ಟವರಲ್ಲ, ಆದರೆ ಆ ಬಯಲಿನ ಮೇಲೆ ಕಬಡ್ಡಿಯವರ ಕಣ್ಣಿತ್ತು. “ಖಾದರ, ಮುಂದಿನ ಪರೀಕ್ಷಾಕ್ಕ ಕರಿ ಬೆಲ್ಟ್ ತಗೊಂಡು ಬಾ. ಇಲ್ಲಂದ್ರ ಜಾಗಾ ಕಬಡ್ಡಿಯವರಿಗೆ ಕೊಡಬೇಕಾಗ್ತೈತಿ” ಅಂದರು. ಇಲ್ಲಿಗೆ ಮುಗಿಯಿತು ಎಂದುಕೊಂಡೆವು. ಸರ್ ಮಾತ್ರ ತಮ್ಮ ಕಾಲನ್ನೇ ನೋಡುತ್ತ, “ಹುಬ್ಬಳ್ಳ್ಯಾಗ ನಂಗ ಹಿಂಗ ಕಲಿಸಿರಲಿಲ್ಲ. ಇದನ್ನ ಮಣ್ಣು ಕಲಿಸೇತಿ. ನಾ ಬಿಡಸ್ತೀನಿ” ಅಂದರು.

ಹೇಳಿದಷ್ಟು ಸುಲಭವಲ್ಲ. ಕಲಿಯುವುದಕ್ಕೆ ಗುರು ಇರುತ್ತಾನೆ, ಮರೆಯುವುದಕ್ಕೆ ಯಾರಿದ್ದಾರೆ? ಸರ್ ಅಂದಿನಿಂದ ಎಲ್ಲಿಯೂ ಕಾಲು ಝಾಡಿಸುವುದಿಲ್ಲವೆಂದು ಹಟ ಹಿಡಿದರು. ಆಗ ಮಳೆಗಾಲ. ಎರಡೂ ಕಾಲಿಗೆ ಹೆಂಟೆ ಹೊತ್ತುಕೊಂಡೇ ಊರ ತುಂಬ ನಡೆದಾಡಿದರು. ಎದುರಾದವರು “ಕಾಲ್ ಝಾಡಿಸ್ರಿ ಮಾಸ್ತರ” ಎಂದರೆ “ಇರ್ಲಿ ಬಿಡ್ರಿ” ಎಂದು ಮುಂದೆ ಹೋಗುತ್ತಿದ್ದರು. ಗ್ಯಾರೇಜಿನ ಮಾಲಕ ನೆಲ ಕೆಟ್ಟಿತೆಂದು ಕೂಗಾಡಿದ. ಪರೀಕ್ಷೆಯ ಪೆಟ್ಟು ತಲೆಗೆ ಬಿದ್ದಿದೆ ಎಂದು ಸಂತೆಯಲ್ಲಿ ಮಾತಾಯಿತು. ಸರ್ ಬಾಗಿಲಿಗೆ ಬಂದಾಗಲೆಲ್ಲ ಕೂತು, ಕಡ್ಡಿಯಿಂದ ಮಣ್ಣು ಕೆರೆದು, ಕಾಲು ತೊಳೆದುಕೊಂಡು ಒಳಗೆ ಹೋಗುತ್ತಿದ್ದರು.

ನಮ್ಮ ಚಟ ಬಿಡಿಸಿದವರು ಅವರ ತಾಯಿ ಮಾಬೂಬಿ ಅಮ್ಮ. ಮಳೆಗೆ ಬಯಲು ಕೆಸರಾದಾಗ ಸರ್ ನಮ್ಮನ್ನು ತಮ್ಮ ಮನೆಯ ಪಡಸಾಲೆಗೆ ಕರೆದೊಯ್ದರು. ಗೋಡೆಗೆ ನಿಲ್ಲಿಸಿದ ಮಗ್ಗ, ಅದರ ಮುಂದೆ ಕೂತು ಅಮ್ಮ ನೇಯುತ್ತಿದ್ದರು. ಅಂಚು ಸೊಟ್ಟಾಗಿ ಮಾರಾಟವಾಗದೆ ಉಳಿದಿದ್ದ ಒಂದು ದೊಡ್ಡ ಜಮಖಾನವನ್ನು ನಮಗಾಗಿ ಹಾಸಿದರು. ಕೆಂಪು, ಹಳದಿ, ನೀಲಿ ಬಣ್ಣ, ನಡುವೆ ನವಿಲು. ತೊಳೆದ ಹಸಿಗಾಲಿನಲ್ಲಿ ಅದರ ಮೇಲೆ ನಿಂತು ನಾವು ಮೊದಲ ಸಲ ಕಾಲು ಝಾಡಿಸಿದೆವು, ನೀರು ನವಿಲಿನ ಮೇಲೆ ಸಿಡಿಯಿತು.

“ಯಾಂವ ಬೇ ಅಂವ?” ಅಮ್ಮ ತಿರುಗಿದರು. ನೂಲು ಬಡಿದು ಕೂರಿಸುವ ಕಬ್ಬಿಣದ ಪಂಜಾ ಅವರ ಕೈಯಲ್ಲಿತ್ತು. “ನೀರ್ ಬಿದ್ರ ಬಣ್ಣ ಬಿಡ್ತೈತಿ! ಇನ್ನೊಮ್ಮೆ ಕಾಲ್ ಝಾಡಿಸಿದ್ರ ಕಾಲಿನ ಮ್ಯಾಲೆ ಇದು ಬೀಳ್ತೈತಿ ನೋಡು!”

ಮಗನಿಗೆ ಉರ್ದುವಿನಲ್ಲಿ, ನಮಗೆ ಕನ್ನಡದಲ್ಲಿ ಬೈಗುಳ. ಯಾರಿಗೂ ಪಕ್ಷಪಾತವಿಲ್ಲ. ಅವರು ನಮ್ಮ ಕಡೆ ಬೆನ್ನು ಹಾಕಿ ನೇಯುತ್ತಿದ್ದರೂ ಯಾರ ಕಾಲು ಅಲುಗಿತೆಂದು ಅದು ಹೇಗೋ ಗೊತ್ತಾಗುತ್ತಿತ್ತು. ಪಂಜಾದ ಬಡಿತ ನಿಂತಿತೆಂದರೆ ನಮ್ಮ ಕಾಲು ಗಾಳಿಯಲ್ಲೇ ನಿಲ್ಲುತ್ತಿತ್ತು. ಆ ಹೆದರಿಕೆಯಲ್ಲಿ ಮಳೆಗಾಲ ಕಳೆಯಿತು, ಸುಗ್ಗಿ ಬಂದು ಹೋಯಿತು, ಬೇಸಿಗೆಯೂ ಮುಗಿಯಿತು. ಸರ್ ನಾವು ಬರುವ ಮೊದಲೇ ಎದ್ದು, ಗೋಡೆ ಹಿಡಿದು, ಒಂದೊಂದೇ ಕಾಲನ್ನು ಬಹಳ ನಿಧಾನಕ್ಕೆ ಎತ್ತಿ ಇಳಿಸುತ್ತಿದ್ದರು. ಮೊದಲು ಬೆವರು ಮಾತ್ರ ಕಾಣುತ್ತಿತ್ತು, ಬರಬರುತ್ತ ಆ ಕಾಲು ಸದ್ದಿಲ್ಲದೆ ಏಳತೊಡಗಿತು.

ಮತ್ತೆ ಮಳೆ ಹಿಡಿಯುವ ಹೊತ್ತಿಗೆ ಪರೀಕ್ಷೆ ಬಂತು. ಅದೇ ಹಾಲ್, ಅದೇ ಪರೀಕ್ಷಕರು, ಎದುರಿಗೆ ಅದೇ ತರುಣ. ನವಲಗುಂದದವರನ್ನು ಕಂಡು ಕೆಲವರು ಕೂತಲ್ಲೇ ಕಾಲು ಝಾಡಿಸಿ ತೋರಿಸಿದರು. ಸರ್ ಅತ್ತ ನೋಡಲಿಲ್ಲ. ಆಟ ಶುರುವಾಯಿತು. ತರುಣನ ಕಣ್ಣು ಸರ್ ಅವರ ಕಾಲಿನ ಮೇಲೆ. ಝಾಡಿಸಲಿ, ಸರಿಯುತ್ತೇನೆ ಎಂದು ಅವನು ಕಾದ. ಝಾಡಿಸುವುದು ಬರಲಿಲ್ಲ, ನೇರ ಒದೆಯೇ ಬಂತು. ಅವನು ಎದೆ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಕಾಲನ್ನೇ ನೋಡುತ್ತ ಕಾದ. ಮತ್ತೆ ಒದೆ ಬಂತು. ಪಾಪ, ಬಾರದ ಟಪಾಲಿಗಾಗಿ ಆಟ ಮುಗಿಯುವವರೆಗೂ ಕಾದ. ಗಂಟೆ ಬಾರಿಸಿದ ಮೇಲೆ ಸರ್ ಅವನ ಹತ್ತಿರ ಹೋಗಿ, ಬಗ್ಗಿ ಮುಟ್ಟಿ, ಎಲ್ಲ ಒದೆಗಳಿಗೂ ಸೇರಿಸಿ ಒಮ್ಮೆಲೇ ಕಣ್ಣಿಗೆ ಒತ್ತಿಕೊಂಡರು. ಈ ಸಲ ಹಾಲ್‌ನಲ್ಲಿ ಚಪ್ಪಾಳೆ ಬಿತ್ತು, ನಾನು ಈ ಸಲವೂ ಅತ್ತೆ.

ನವಲಗುಂದದಲ್ಲಿ ಬಸ್ಸಿಳಿದಾಗ ಮಳೆ ಹೊಡೆದು ನಿಂತಿತ್ತು. ಕಪ್ಪು ಬೆಲ್ಟನ್ನು ಅಂಗಿಯ ಮೇಲೆಯೇ ಕಟ್ಟಿಕೊಂಡ ಸರ್ ಮುಂದೆ, ಅವರ ಹಿಂದೆ ನಾವು. ಚಪ್ಪಲಿ ಕೈಯಲ್ಲಿ ಹಿಡಿದು, ಕಾಲಿಗೆ ಹೆಂಟೆ ಹೊತ್ತುಕೊಂಡು ಅವರ ಮನೆಗೆ ಬಂದೆವು. ಮಾಬೂಬಿ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಬೆಲ್ಟ್ ನೋಡಿದರು. ಅದನ್ನು ಎರಡು ಬೆರಳಲ್ಲಿ ಹಿಡಿದು, ನೇಯುವವರ ಅಭ್ಯಾಸ, ನೂಲು ಗಟ್ಟಿ ಇದೆಯೋ ಇಲ್ಲವೋ ಎಂದು ತಿಕ್ಕಿ ನೋಡಿದರು. ಅವರ ಕಣ್ಣು ತುಂಬಿತ್ತು. ಸರ್ ಎಂದಿನಂತೆ ಕೂತು ಕಡ್ಡಿ ಹುಡುಕತೊಡಗಿದರು.

ನಮಗೂ ತಿಳಿಯಲೆಂದೇ ಇರಬೇಕು, ಅಮ್ಮ ಕನ್ನಡದಲ್ಲೇ ಹೇಳಿದರು: “ಬೆಲ್ಟ್ ಬಂತಲ್ಲೋ, ಏಳು. ಇನ್ನರ ಕಾಲ್ ಝಾಡಿಸಿ ಒಳಗ ಬಾ.”

ಸರ್ ಎದ್ದು ನಿಂತು, ಒಂದು ಕ್ಷಣ ತಾಯಿಯ ಮುಖ ನೋಡಿ, ಒಂದು ವರ್ಷದಿಂದ ತಡೆದದ್ದನ್ನೆಲ್ಲ ಸೇರಿಸಿ ಬಲಗಾಲು ಝಾಡಿಸಿದರು. ಹೆಂಟೆ ಹಾರಿ ನೇರ ನನ್ನ ಎದೆಗೆ ಬಂದು ಬಡಿಯಿತು. ಬಿಳಿ ಅಂಗಿಯ ಮೇಲೆ ಕಪ್ಪು ಗುರುತು. ಸರ್ ಗಾಬರಿಯಾಗಿ ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಬಂದರು. “ಇರ್ಲಿ ಬಿಡ್ರಿ ಸರ್” ಅಂದೆ. ನಾವೆಲ್ಲರೂ ಹೊಸ್ತಿಲಲ್ಲಿ ಸಾಲಾಗಿ ನಿಂತು ಮನಸಾರೆ ಕಾಲು ಝಾಡಿಸಿದೆವು.

ಈಗ ನಾನೂ ಪರೀಕ್ಷಕನ ಕುರ್ಚಿಯಲ್ಲಿ ಕೂರುತ್ತೇನೆ. ಅಖಾಡದಲ್ಲಿ ನನ್ನ ಕಾಲು ಮುಂಗಡ ಸುದ್ದಿ ಕೊಡುವುದಿಲ್ಲ, ಅದಕ್ಕೆ ಮಾಬೂಬಿ ಅಮ್ಮನ ಪಂಜಾ ಹೊಣೆ. ಹೊಸ್ತಿಲಲ್ಲಿ ಮಾತ್ರ ನನ್ನನ್ನು ತಡೆಯಬೇಡಿ. ಅಲ್ಲಿ ಝಾಡಿಸುವುದಕ್ಕೆ ಅಪ್ಪಣೆ ಸಿಕ್ಕಿದೆ, ಅದನ್ನು ಈವರೆಗೆ ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ.