ಹೊರೆ ಇಳಿಸುವ ಗೋಡೆ

ಮತ್ತಿಗಿರಿಯಲ್ಲಿ ಹೂವಿನ ಕದಿರಮ್ಮ ಎಂದರೆ ಯಾರಾದರೂ ಮನೆ ತೋರಿಸುತ್ತಿದ್ದರು. ಮನೆ ಮುಂದೆ ಕನಕಾಂಬರದ ಪಾತಿ, ಅದರಾಚೆ ಜನ ನಡೆಯುವ ಕಾಲುದಾರಿ, ಅದರಾಚೆ ಹೊಸೂರಿನ ರಸ್ತೆ. ಯುದ್ಧ ನಡೆಯುತ್ತಿದ್ದ ಕಾಲ. ದಂಡಿನ ಲಾರಿಗಳ ಸದ್ದಾದರೆ ಸಾಕು, ಸಂತೆಗೆ ಹೊರಟ ಮೇಕೆಗಳು ಬೆದರಿ ಸೀದಾ ಪಾತಿಗೆ ನುಗ್ಗುತ್ತಿದ್ದವು. ಎಷ್ಟು ಬೆದರಿದರೂ ಅವುಗಳ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ.

ಕೊನೆಗೆ ಗಂಡ ಮುತ್ತರಾಯಪ್ಪ ಕೆರೆ ಮಣ್ಣಿನಲ್ಲಿ ಇಟ್ಟಿಗೆ ಕೊಯ್ದು, ಗೂಡಿನಲ್ಲಿ ಸುಟ್ಟು, ಗಾರೆ ಕೆಲಸದ ಆವುಲಪ್ಪನನ್ನು ಕರೆತಂದ.

"ಸೊಂಟದೆತ್ತರ ಇದ್ರೆ ಮೇಕೆ ಬರಾಕಿಲ್ಲ. ಹೂವೂ ದಾರಿಗೆ ಕಾಣ್ತವೆ," ಎಂದ ಮುತ್ತರಾಯಪ್ಪ.

"ಎಲ್ಲಾ ಹಂಗೇ ಇರ್ಲಿ. ಬಾಗಿಲ ಪಕ್ಕ ಮಾತ್ರ ತಲೆ ಎತ್ತರ ಬರ್ಬೇಕು, ಮೇಲೆ ಅಗಲ ಬಿಡ್ಬೇಕು," ಎಂದಳು ಕದಿರಮ್ಮ.

ಆ ಜಾಗದಲ್ಲಿ ಮೊದಲು ಹೊರೆಗಲ್ಲು ಇತ್ತು: ನೆಟ್ಟ ಎರಡು ಕಲ್ಲು, ಮೇಲೊಂದು ಚಪ್ಪಡಿ. ಸೌದೆ ಹೊತ್ತು ಸಂತೆಗೆ ಹೋಗುವ ಹೆಂಗಸರು ಯಾರ ಕೈಯನ್ನೂ ಬೇಡದೆ ತಲೆಯ ಹೊರೆಯನ್ನು ಅದರ ಮೇಲೆ ಜಾರಿಸಿ, ನೀರು ಕುಡಿದು, ಎಲೆಅಡಿಕೆ ಹಾಕಿಕೊಂಡು, ಮತ್ತೆ ತಲೆ ಕೊಟ್ಟು ಹೊರಡುತ್ತಿದ್ದರು. ಹಿಂದಿನ ವರ್ಷ ಎತ್ತಿನ ಗಾಡಿ ತಗುಲಿ ನೆಟ್ಟ ಕಲ್ಲುಗಳು ಮುರಿದವು. ಅಂದಿನಿಂದ ಯಾರೂ ನಿಲ್ಲುತ್ತಿರಲಿಲ್ಲ. ನೆಲಕ್ಕಿಳಿಸಿದರೆ ಮತ್ತೆ ಎತ್ತಿಕೊಡುವವರು ಬೇಕಲ್ಲ. ಕದಿರಮ್ಮ ಕಾಡಂಚಿನ ನಾಟ್ರಾಂಪಾಳ್ಯದ ಮಗಳು, ಮದುವೆಗೆ ಮುಂಚೆ ತಾನೂ ಸೌದೆ ಹೊತ್ತವಳು. ದಾರಿಯಲ್ಲಿ ಹೋಗುವವರ ಕುತ್ತಿಗೆ ನಡುಗುವುದನ್ನು ಕಂಡರೆ ಅವಳ ಕುತ್ತಿಗೆ ನೋಯುತ್ತಿತ್ತು. ಹೂವೂ ಉಳಿಯಬೇಕು, ಆ ಹೆಂಗಸರೂ ತನ್ನ ಬಾಗಿಲಲ್ಲಿ ಮತ್ತೆ ನಿಲ್ಲಬೇಕು ಎಂಬುದು ಅವಳ ಆಸೆ.

"ತಲೆ ಎತ್ತರ ಅಂದ್ರೆ ಯಾರ ತಲೆ?" ಎಂದು ಕೇಳಿದ ಆವುಲಪ್ಪ.

"ಬೈರಮ್ಮಂದು. ಎಲ್ರಿಗಿಂತ ಗಿಡ್ಡ ಅವ್ಳೆಯ. ಉದ್ದ ಇರೋರು ಒಸಿ ಬಗ್ತಾರೆ."

ಸೌದೆ ಮಾರಿ ಸಂತೆಯಿಂದ ಮರಳುತ್ತಿದ್ದ ಬೈರಮ್ಮನನ್ನು ಅಂದೇ ನಿಲ್ಲಿಸಿದರು.

"ಇವಳ ಅಳತೇಲಿ ಕಟ್ಟಿದ್ರೆ ಕೋಳಿ ಹತ್ತಿ ಕೂರ್ತವೆ," ಎಂದ ಆವುಲಪ್ಪ.

"ನಿನ್ನ ಮಾತಿಗಿಂತ ಎತ್ತರಾನೇ ಇವ್ನಿ, ಅಳಿಯಣ್ಣ," ಎಂದು ಬೈರಮ್ಮ ತಲೆಗೆ ಬಟ್ಟೆಯ ಸಿಂಬಿ ಇಟ್ಟುಕೊಂಡು, ಎತ್ತಿ ಕಟ್ಟಿದ್ದ ಸೀರೆಯನ್ನು ಪಾದದವರೆಗೂ ಇಳಿಬಿಟ್ಟು, ಕಂಬದ ಹಾಗೆ ನಿಂತಳು. ಆವುಲಪ್ಪ ಸಿಂಬಿಯಿಂದ ನೆಲಕ್ಕೆ ದಾರ ಹಿಡಿದು ಗಂಟು ಹಾಕಿಕೊಂಡ.

ಪಾಯ ತೋಡಿದರು. ಕದಿರಮ್ಮ ಒಂದೊಂದು ಇಟ್ಟಿಗೆಯನ್ನೂ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳುವುದು ನಿಂತ ಮೇಲೆಯೇ ಎತ್ತಿಕೊಡುತ್ತಿದ್ದಳು. ಗೋಡೆ ನೇರವಾಗಿ ಎದ್ದಿತು. ಬಾಗಿಲ ಪಕ್ಕದ ಎತ್ತರದ ತುಂಡಿಗೆ ಇಟ್ಟಿಗೆಯೆಲ್ಲ ಸರಿಹೋಯಿತು, ಒಂದೂ ಉಳಿಯಲಿಲ್ಲ.

ಗಾರೆ ಗಟ್ಟಿಯಾದ ಮೇಲಿನ ಸಂತೆ. ತನ್ನ ಕೆಲಸ ನೋಡಲು ಆವುಲಪ್ಪನೂ ಬಂದಿದ್ದ. ಸೌದೆ ಹೊತ್ತು ಮುಂದೆ ಬಂದ ನಾರಾಯಣಮ್ಮ ಉದ್ದ ಆಳು. ಹೊರೆಯನ್ನು ಸಲೀಸಾಗಿ ಜಾರಿಸಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ಕದಿರಕ್ಕ," ಎಂದಳು. ಹಿಂದೆ ಬಂದ ಬೈರಮ್ಮ ಗೋಡೆಗೆ ಬೆನ್ನು ಕೊಟ್ಟಳು, ಮುಖ ಕೊಟ್ಟಳು, ಪಕ್ಕ ತಿರುಗಿದಳು. ಹೇಗೆ ನಿಂತರೂ ಸೌದೆ ಗೋಡೆಯ ಅಂಚಿಗೆ ಬಡಿಯಿತೇ ಹೊರತು ಮೇಲೆ ಹತ್ತಲಿಲ್ಲ. ಕದಿರಮ್ಮ ಓಡಿಬಂದು ಹೊರೆಯನ್ನು ಕೆಳಗಿಳಿಸಿದಳು.

ಆವುಲಪ್ಪ ಗಂಟಿನ ದಾರ ತೆಗೆದು ಅಳೆದ. "ಗೋಡೆ ಸರಿಯಾಗೈತೆ. ಇವಳೇ ಕುಗ್ಗವ್ಳೆ."

ಬೈರಮ್ಮ ನೆಲ ನೋಡಿದಳು. "ಕದಿರಕ್ಕ, ಅವತ್ತು ಸೀರೆ ಒಳಗೆ ತುದಿಗಾಲಲ್ಲಿ ನಿಂತಿದ್ದೆ ಕಣಕ್ಕ. ಕೋಳಿ ಅಂದ್ನಲ್ಲ ಇವ್ನು."

"ಮೇಲಿನ ಎರಡು ವರಸೆ ಇಟ್ಟಿಗೆ ಕಿತ್ತಾಕಪ್ಪ," ಎಂದ ಮುತ್ತರಾಯಪ್ಪ.

"ಗಾರೆ ಕಚ್ಕೊಂಡದೆ. ಕಿತ್ರೆ ಇಟ್ಟಿಗೆ ಒಡೀತವೆ, ಗೋಡೆಯೂ ಬಿರುಕು ಬಿಡ್ತದೆ."

ಕದಿರಮ್ಮನ ಮುಖ ಬಾಡಿತು. ಯಾರಿಗಾಗಿ ಅಳತೆ ಹಿಡಿದರೋ ಅವಳಿಗೇ ಗೋಡೆ ಒದಗಲಿಲ್ಲ. ಏನೂ ತೋಚದೆ ಹಿತ್ತಲಿಗೆ ನಡೆದಳು. ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು. ಹೊರೆಗಲ್ಲು ಬಿದ್ದಾಗ ಅವಳೇ ಹಿತ್ತಲಿಗೆ ತರಿಸಿಕೊಂಡಿದ್ದ ಚಪ್ಪಡಿ ಅದು.

"ಏಯ್, ಇಬ್ರೂ ಬನ್ನಿ ಇಲ್ಲಿ," ಎಂದು ಕೂಗಿದಳು.

ಗಂಡಸರು ಚಪ್ಪಡಿಯನ್ನು ಹೊರಳಿಸಿ ತಂದು, ಗೋಡೆಯ ಬುಡದಲ್ಲಿ ಕಾಲುದಾರಿಗೆ ಅಡ್ಡವಾಗದಂತೆ ಹುದುಗಿಸಿದರು. ಬೈರಮ್ಮ ಹೊರೆ ಹೊತ್ತು ಅದರ ಮೇಲೆ ಹತ್ತಿದಳು, ಕತ್ತು ಒಂದಿಷ್ಟು ವಾಲಿಸಿದಳು. ಸೌದೆ ಸರ್ರನೆ ಗೋಡೆಯ ಮೇಲೆ ಕುಳಿತಿತು. ಅವಳು ಕಲ್ಲಿನಿಂದ ಇಳಿಯದೆ ಆವುಲಪ್ಪನ ನೆತ್ತಿಯನ್ನೇ ನೋಡುತ್ತಾ, "ಅಳಿಯಣ್ಣ, ನಿನ್ನ ತಲೇಲಿ ಕೂದಲೇ ಇಲ್ವಲ್ಲ," ಎಂದಳು.

ನಾರಾಯಣಮ್ಮ ನಗುತ್ತಾ ನಗುತ್ತಾ ಬಾಯಿಯ ಎಲೆಅಡಿಕೆ ಉಗಿದಳು. ಕದಿರಮ್ಮ ಎಲ್ಲರಿಗೂ ನೀರು ತಂದಳು, ಒಬ್ಬೊಬ್ಬರ ಮುಡಿಗೂ ತುಂಡು ಕನಕಾಂಬರ ಸಿಕ್ಕಿಸಿದಳು.

ಅಂದಿನಿಂದ ಬಟ್ಟೆ ಒಗೆಯಬೇಕಾದರೆ ಕದಿರಮ್ಮ ಪಕ್ಕದ ಮನೆಯ ಕಲ್ಲಿಗೆ ಹೋಗುತ್ತಿದ್ದಳು. ಸಂತೆಯ ದಿನ ಮಾತ್ರ ಒಗೆಯುತ್ತಿರಲಿಲ್ಲ. ಬಾಗಿಲು ಬಿಟ್ಟು ಹೋಗಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ.