ಹುರುಳಿ ಮೊಳೆತ ಕರಟಗಳು

ನಮ್ಮ ಮೇಷ್ಟ್ರಮ್ಮನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಸೀಳಿನಲ್ಲಿ ಸೀಮೆಸುಣ್ಣದ ಪುಡಿ ಕೂತು, ಎಷ್ಟು ತೊಳೆದರೂ ಒಂದು ಬಿಳಿ ಗೆರೆ ಉಳಿದೇ ಇರುತ್ತಿತ್ತು. ಆ ಬೆರಳನ್ನು ನನ್ನ ಮೊದಲ ಅರ್ಜಿಯ ಸಾಲುಸಾಲಿನ ಮೇಲೂ ಓಡಿಸಿ ತಿದ್ದಿಕೊಟ್ಟವರು ಅವರು. ನನ್ನ ಅನ್ನಕ್ಕೆ ಕಲ್ಲು ಹಾಕಿದವರೂ ಅವರೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಳ್ಳುವ ಜಾಯಮಾನ ನನ್ನದಲ್ಲ.

ಅವರು ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯ ಮುಖ್ಯ ಉಪಾಧ್ಯಾಯಿನಿ. ನನಗೆ ಅಕ್ಷರ ಕಲಿಸಿದವರು. ಅಪ್ಪ ಅರಕಲಗೂಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ನಾನಿನ್ನೂ ಶಾಲೆ ಸೇರದಿದ್ದಾಗಲೇ ಅವರು ತೀರಿಕೊಂಡರು; ಅಮ್ಮ, ನಾನು ಹೊಳೆನರಸೀಪುರದ ಸೋದರಮಾವನ ಮನೆ ಸೇರಿದೆವು. ಅತ್ತೆ ಬಾಯಿಬಿಟ್ಟು ಬಯ್ದವರಲ್ಲ. ಬೆಳಿಗ್ಗೆ ಎದ್ದು ಅಮ್ಮನಿಗೆ ಒರಳುಕಲ್ಲು ತೋರಿಸಿ ಸುಮ್ಮನಾಗುತ್ತಿದ್ದರು. ಎಲ್ಲರೂ ಉಂಡು ಎದ್ದ ಮೇಲೆ ಅಮ್ಮ ಉಣ್ಣುತ್ತಿದ್ದಳು. ನನಗೊಂದು ಕೆಲಸ ಸಿಕ್ಕಿದರೆ, ಒಂದೇ ಕೋಣೆಯಾದರೂ ಸರಿ, ನಮ್ಮದೇ ಒಲೆ ಹೂಡಿ ಅಮ್ಮನಿಗೆ ನಾನೇ ಮೊದಲು ಬಡಿಸಬೇಕೆಂಬುದು ಆಗಿನ ನನ್ನ ಒಂದೇ ಆಸೆ.

ಮೇಷ್ಟ್ರಮ್ಮನ ಶಾಲೆಯಲ್ಲೇ ಒಂದು ಜಾಗ ಖಾಲಿಯಾಯಿತು. ದಿನಾ ಸಂಜೆ ಅವರ ಮನೆ ಜಗುಲಿಯಲ್ಲಿ ನನಗೆ ತಾಲೀಮು. ಅರ್ಜಿಯನ್ನು ಸ್ವಂತ ಕೈಯಲ್ಲೇ ಬರೆಯಬೇಕು, ಕಷ್ಟ ತೋಡಿಕೊಳ್ಳಬಾರದು; ಕಚೇರಿಯವರಿಗೆ ಬೇಕಾದದ್ದು ಉಪಾಧ್ಯಾಯಿನಿ, ಅಳುಬುರುಕಿಯಲ್ಲ ಎನ್ನುತ್ತಿದ್ದರು. ಕೊಟ್ಟ ಅರ್ಜಿಗೆ ಗುಮಾಸ್ತರ ಕೈಯಿಂದ ರಸೀತಿ ಪಡೆಯದೆ ಮೆಟ್ಟಿಲಿಳಿಯಕೂಡದು. ಕೆಲಸ ಸಿಕ್ಕಿದ ಮೊದಲ ದಿನ ಹೊಟ್ಟೆತುಂಬ ಉಂಡು ಹೋಗಬೇಕು, ಕೊಡೆ ಮರೆಯಬಾರದು, ಜವಾನನ ಹೆಸರು ಕೇಳಿಕೊಳ್ಳಬೇಕು. ಬೋರ್ಡಿನ ಮೇಲೆ ಬರೆದದ್ದನ್ನು ಹಿಂದಿನ ಸಾಲಿನಲ್ಲಿ ಕೂತು ತಾನೇ ಓದಿ ನೋಡಬೇಕು. "ಮೊದಲ್ನೇ ದಿನ ಕೂಗಾಡಿದ್ಯೋ, ವರ್ಷಪೂರ್ತಿ ಕೂಗ್ತಾನೇ ಇರ್ಬೇಕಾಯ್ತದೆ ಕಣೆ" ಎಂದದ್ದು ಈಗಲೂ ಕಿವಿಯಲ್ಲಿದೆ.

ಆ ಜಾಗಕ್ಕೆ ಆಯ್ಕೆಯಾಗಲು ಹಾಸನದಲ್ಲಿ, ಶಾಲೆಗಳ ತನಿಖೆ ನಡೆಸುವ ಇನ್‌ಸ್ಪೆಕ್ಟ್ರೆಸ್ ಅವರ ಮುಂದೆ ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ನಾನು ಆರಿಸಿಕೊಂಡದ್ದು ಹುರುಳಿ ಕಾಳು. ಐದು ಕರಟಗಳಲ್ಲಿ ಬೇರೆಬೇರೆ ದಿನ ಕಾಳು ಹಾಕಿದೆ: ಒಂದರಲ್ಲಿ ಒಣಕಾಳು, ಒಂದರಲ್ಲಿ ನೆನೆದದ್ದು, ಒಂದರಲ್ಲಿ ಮೊಳಕೆ, ಹೀಗೆ ಕೊನೆಯದರಲ್ಲಿ ಎರಡು ಎಲೆ. ಕರಟ ಉರುಳದಂತೆ ಅಮ್ಮ ತನ್ನ ಹಳೆಯ ನೀಲಿ ಸೀರೆ ಹರಿದು ಸಿಂಬಿ ಸುತ್ತಿಕೊಟ್ಟಳು. ಪಾಠದ ಟಿಪ್ಪಣಿಯನ್ನು ಮೇಷ್ಟ್ರಮ್ಮ ಮೂರು ಸಲ ಓದಿ, ಕಣ್ಣರಳಿಸಿ, ಇದು ಯಾವ ಪುಸ್ತಕದಲ್ಲೂ ಇಲ್ಲವಲ್ಲೇ ಎಂದರು. ನಾನು ಗಾಳಿಯಲ್ಲೇ ನಡೆದುಕೊಂಡು ಮನೆಗೆ ಬಂದೆ.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡಿಸುತ್ತಿದ್ದ ಬಸ್ಸು ಏರು ಹತ್ತುವಾಗ ಜನರೇ ಇಳಿದು ತಳ್ಳಬೇಕಿತ್ತು. ಆ ಕುಲುಕಾಟದಲ್ಲಿ ಕರಟ ಚೆಲ್ಲಿಹೋಗುತ್ತವೆ, ತಾವು ಹಿಂದಿನ ದಿನವೇ ಹೋಗುವವರು, ಮುಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುವುದಾಗಿ ಹೇಳಿ ಮೇಷ್ಟ್ರಮ್ಮ ಕರಟದ ಬುಟ್ಟಿ ಇಸಿದುಕೊಂಡರು. ಅವರ ತಂಗಿಯ ಮಗಳೂ ಅದೇ ಜಾಗಕ್ಕೆ ಅರ್ಜಿ ಹಾಕಿದ್ದಳು; ಅವರ ಮನೆಯಲ್ಲೇ ಇದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಅಷ್ಟು ನಂಬಿದ್ದೆ.

ಮರುದಿನ ಹಾಸನದ ಶಾಲೆಯ ಜಗುಲಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಆ ಹುಡುಗಿಯನ್ನು ಮೊದಲು ಕರೆದರು. ಒಳಗಿನಿಂದ ಅವಳ ದನಿ ಬಂತು: "ಮಕ್ಕಳೇ, ಈ ಕರಟದೊಳಗೆ ಯಾರು ಮಲಗಿದ್ದಾರೆ?" ಅದು ನನ್ನ ಪ್ರಶ್ನೆ. ಒರಳಿನ ಮುಂದೆ ಕೂತಿದ್ದ ಅಮ್ಮನನ್ನೇ ಮಗು ಮಾಡಿಕೊಂಡು ನಾನು ಹತ್ತು ಸಲ ಕೇಳಿದ್ದ ಪ್ರಶ್ನೆ. ಎದ್ದು ಕಿಟಕಿಯಲ್ಲಿ ಇಣುಕಿದೆ. ಮೇಜಿನ ಮೇಲೆ ಐದು ಕರಟ ಸಾಲಾಗಿದ್ದವು, ಕೆಳಗೆ ಅಮ್ಮನ ಸೀರೆಯ ನೀಲಿ ಸಿಂಬಿ.

ಪಾಠ ಮುಗಿದಾಗ ಮೇಷ್ಟ್ರಮ್ಮ ಹೊರಗೆ ಬಂದರು. ನನ್ನ ಮುಖ ನೋಡಲಿಲ್ಲ, ಸೀಳಿದ ಉಗುರನ್ನು ಉಜ್ಜಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ನೀನು ಬ್ಯಾರೆ ಏನಾದ್ರೂ ಮಾಡು. ನಿಂಗೆ ಬುದ್ಧಿ ಐತೆ ಕಣೆ, ಎಲ್ಲಿ ಬಿದ್ರೂ ಎದ್ಕತೀಯ. ಅವ್ಳಿಗೆ ಇದೊಂದು ಬುಟ್ರೆ ಗತಿ ಇಲ್ಲ."

ಹೊಗಳಿಕೆಯಂತೆ ಹೊಗಳಿಕೆ! ಒಳಗೆ ಹೋದೆ. ಕೈಯಲ್ಲಿದ್ದದ್ದು ಕೊಡೆ ಒಂದೇ. ಕೊಡೆಯನ್ನೇ ಎತ್ತಿ ಹಿಡಿದು ನಿಂತರೆ ಎರಡು ಮಾತೂ ಹೊಳೆಯಲಿಲ್ಲ. ಮಕ್ಕಳು ಕಿಸಕ್ಕೆಂದರು. ಇನ್‌ಸ್ಪೆಕ್ಟ್ರೆಸ್ ನನ್ನ ಟಿಪ್ಪಣಿ ಇಸಿದುಕೊಂಡು ಓದಿ, ಹುಬ್ಬೇರಿಸಿ, "ಆ ಹುಡುಗೀದು ನೋಡ್ಕೊಂಡು ಬರೆದ್ಯೇನಮ್ಮಾ?" ಎಂದರು. ಪಕ್ಕದ ಕುರ್ಚಿಯಲ್ಲೇ ಮೇಷ್ಟ್ರಮ್ಮ ಕೂತಿದ್ದರು. ಅವರ ಒಂದು ಮಾತು ಸಾಕಿತ್ತು. ಅವರು ಸೆರಗಿನಲ್ಲಿ ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು. ಪಾಠ ಕದ್ದದ್ದನ್ನು ನಾನು ಎಂದಾದರೂ ಮರೆತೇನು. ಆ ಕನ್ನಡಕ ಒರೆಸಿದ್ದನ್ನು ಮರೆಯಲಾರೆ.

ಮನೆಗೆ ಬಂದು ಹೇಳಿದಾಗ ಅಮ್ಮ, "ಓಗ್ಲಿ ಬುಡು ಮಗಾ, ಕರಟ ವಾಪಸ್ ಕೊಟ್ರಾ?" ಎಂದು ಮಾತ್ರ ಕೇಳಿದಳು. ಕೊಟ್ಟಿರಲಿಲ್ಲ.

ಕೆಲಸ ಸಿಕ್ಕಿದ ಹುಡುಗಿ ವರ್ಷ ತುಂಬುವುದರೊಳಗೆ ಮದುವೆಯಾಗಿ ಬಿಟ್ಟುಹೋದಳು. ಆಗ ಮೇಷ್ಟ್ರಮ್ಮನಿಂದ ಒಂದು ಕಾರ್ಡು ಬಂತು: ಜಾಗ ಖಾಲಿಯಿದೆ, ಅರ್ಜಿ ಹಾಕು. ಹರಿದು ಒಲೆಗೆ ಹಾಕಿದೆ. ಅವರ ಕೈಯಿಂದ ಬರುವ ಅನ್ನ ಬೇಡವೆಂದೆ. ಶಾಂತಿಗ್ರಾಮದಲ್ಲಿ ನನಗೆ ಕೆಲಸ ಸಿಗಲು ಇನ್ನೂ ಎರಡು ವರ್ಷ ಹಿಡಿಯಿತು. ಹಟ ನನ್ನದು, ಒರಳು ಅಮ್ಮನದು. ಕೊನೆಗೂ ನಮ್ಮದೇ ಒಲೆ ಹೂಡಿದೆವು. ಆದರೆ ಇಬ್ಬರೇ ಇದ್ದ ಆ ಕೋಣೆಯಲ್ಲೂ ನಾನು ಉಂಡು ಏಳುವವರೆಗೆ ಅಮ್ಮ ತಟ್ಟೆ ಹಾಕಿಕೊಳ್ಳುತ್ತಿರಲಿಲ್ಲ. ಎಷ್ಟು ಬೇಡಿಕೊಂಡರೂ ಆ ಅಭ್ಯಾಸ ಅವಳನ್ನು ಬಿಡಲಿಲ್ಲ.

ಶಾಂತಿಗ್ರಾಮದಲ್ಲಿ ಮೊದಲ ದಿನ ಹೊಟ್ಟೆತುಂಬ ಉಂಡು ಹೋದೆ, ಜವಾನನ ಹೆಸರು ಕೇಳಿದೆ, ಕೂಗಾಡಲಿಲ್ಲ. ಮೇಷ್ಟ್ರಮ್ಮ ಹೇಳಿದ್ದೆಲ್ಲ ಅಕ್ಷರಶಃ ಸರಿಯಾಗಿತ್ತು. ಅದೇ ನನಗೆ ಇನ್ನಷ್ಟು ಉರಿ ತಂದದ್ದು.

ಅವರು ಚನ್ನರಾಯಪಟ್ಟಣದಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರಂತೆ. ಸುದ್ದಿ ಬಂದಾಗ ಬಸ್ಸಿತ್ತು, ನಾನು ಹೋಗಲಿಲ್ಲ. ಆ ದಿನವೂ ಪಾಠ ಮಾಡಿದೆ. ಬೋರ್ಡಿನ ಮೇಲೆ ಬರೆದು, ಎಂದಿನಂತೆ ಹಿಂದಿನ ಸಾಲಿಗೆ ಹೋಗಿ ಕೂತು ಓದಿಕೊಳ್ಳಲು ನೋಡಿದರೆ ಅಕ್ಷರ ಕಾಣಲಿಲ್ಲ. ಅಳು ಸಿಟ್ಟಿನದೋ ದುಃಖದ್ದೋ, ಈಗಲೂ ಹೇಳಲಾರೆ.

ಈಗ ಹುಡುಗಿಯರು ನನ್ನ ಹತ್ತಿರ ಬರುತ್ತಾರೆ, ನಾಳಿದ್ದು ಮಾದರಿ ಪಾಠ, ಏನು ಮಾಡಲಿ ಎಂದು. ಮೇಷ್ಟ್ರಮ್ಮ ಹೇಳಿಕೊಟ್ಟದ್ದನ್ನು ಒಂದೂ ಬಿಡದೆ ಹೇಳುತ್ತೇನೆ. ಕಡೆಗೆ ನನ್ನದೊಂದು ಸೇರಿಸುತ್ತೇನೆ: ಎರಡು ಪಾಠ ಸಿದ್ಧ ಮಾಡಿಕೊಳ್ಳಿ. ಒಂದನ್ನು ಯಾರಿಗೂ ತೋರಿಸಬೇಡಿ. ನನಗೂ.